ಲಂಗರಿಗೆ ಎಷ್ಟು ಸರಪಳಿ ಬಿಡಬೇಕು?

ಬೇಸಿಗೆಯಲ್ಲಿ ಊರಿಗೆ, ಅಂದರೆ ಗಂಗಾವತಿಗೆ, ಬಂದಾಗಲೆಲ್ಲ ಹುಡುಗರು ನನ್ನ ಹಾಯಿದೋಣಿಯ ಕೆಲಸದ ಬಗ್ಗೆ ಕೇಳುವುದು ಬಹುತೇಕ ಗಾಳಿಯ ವಿಷಯವನ್ನೇ. ಕಾರವಾರದಿಂದ ದಕ್ಷಿಣಕ್ಕೆ, ಬಂದರುಗಳನ್ನು ಬಿಟ್ಟು ನಿರ್ಜನ ಕೊಲ್ಲಿಗಳಲ್ಲಿ ತಂಗುತ್ತ ಸಾಗುವವರಿಗೆ ಹಾಯಿಗಿಂತ ಲಂಗರು ಹೆಚ್ಚು ಕಷ್ಟ ಕೊಡುತ್ತದೆ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ.

ಲಂಗರು ತನ್ನ ಭಾರದಿಂದಲೇ ದೋಣಿಯನ್ನು ನಿಲ್ಲಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. 35 ಅಡಿಯ ದೋಣಿ ಸುಮಾರು 6 ಟನ್ ತೂಗಿದರೆ ಅದರ ಲಂಗರು 15–20 ಕೆ.ಜಿ. ಇರುತ್ತದೆ, ಅಷ್ಟೆ. ಎತ್ತುಗಳು ನೇಗಿಲನ್ನು ಮುಂದಕ್ಕೆ ಎಳೆದಾಗ ಕುಳ ಹೇಗೆ ನೆಲಕ್ಕೆ ಇಳಿಯುತ್ತದೋ ಹಾಗೆಯೇ, ಸರಪಳಿ ತಳದ ಮೇಲೆ ಮಲಗಿ ಅಡ್ಡಲಾಗಿ ಎಳೆದಾಗ ಮಾತ್ರ ಲಂಗರು ಕೆಸರಿನೊಳಗೆ ಹೂತುಕೊಳ್ಳುತ್ತದೆ. ಮೇಲಕ್ಕೆ ಜಗ್ಗಿದರೆ ಕಿತ್ತುಬರುತ್ತದೆ. ಆದ್ದರಿಂದ ಸರಪಳಿಯನ್ನು ಆಳದ ಕನಿಷ್ಠ 5 ಪಟ್ಟು, ಹಗ್ಗವಾದರೆ 7 ಪಟ್ಟು ಬಿಡಬೇಕು.

ಆದರೆ ಆಳ ಎಂದರೆ ಯಾವ ಆಳ? ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ ಎಂಬುದು ನಮ್ಮ ಕಡೆಯ ರೈತರಿಗೆಲ್ಲ ಬಾಯಿಪಾಠ. ಅದು ಸಮುದ್ರದ ಸರಾಸರಿ ಮಟ್ಟದಿಂದ ಎಣಿಸಿದ ಎತ್ತರ. ನಾವಿಕರ ನಕ್ಷೆಯಲ್ಲಿ ಅಚ್ಚಾಗಿರುವ ಆಳವನ್ನು ಎಣಿಸುವುದು ಸರಾಸರಿಯಿಂದಲ್ಲ. ಇಳಿತದಲ್ಲಿ ನೀರು ಸಾಮಾನ್ಯವಾಗಿ ಯಾವ ಮಟ್ಟಕ್ಕಿಂತ ಕೆಳಗೆ ಹೋಗುವುದಿಲ್ಲವೋ ಆ ಮಟ್ಟದಿಂದ. ಜಲಾಶಯ ತುಂಬಿ ಬರಿದಾಗಲು ಒಂದು ವರ್ಷ ಬೇಕು, ಕಡಲು ಅದನ್ನೇ ದಿನಕ್ಕೆ ಎರಡು ಸಲ ಮಾಡುತ್ತದೆ. ಕಾರವಾರದ ಆಸುಪಾಸಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಈ ಏರಿಳಿತ 2 ಮೀಟರಿನ ಹತ್ತಿರಕ್ಕೆ ಬರುತ್ತದೆ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಬೇಲೆಕೇರಿ ಕೊಲ್ಲಿಯಲ್ಲಿ, ಒಂದು ಅಮಾವಾಸ್ಯೆಯ ರಾತ್ರಿ. ಸಂಜೆ ಆರರ ಇಳಿತದಲ್ಲಿ ನೀರಿನ ಆಳ 4 ಮೀಟರ್ ಇತ್ತು. ಐದರಿಂದ ಗುಣಿಸಿ 20 ಮೀಟರ್ ಸರಪಳಿ ಬಿಟ್ಟು ಮಲಗಿದೆ. ನಡುರಾತ್ರಿಯ ಉಬ್ಬರಕ್ಕೆ ನೀರು 2 ಮೀಟರ್ ಏರಿತು. ನೀರಿನಿಂದ ದೋಣಿಯ ಮೂತಿಗೆ ಇರುವ 1 ಮೀಟರನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಒಟ್ಟು 7 ಮೀಟರಿಗೆ 35 ಮೀಟರ್ ಬೇಕಿದ್ದಲ್ಲಿ, ಇದ್ದದ್ದು ಮೂರು ಪಟ್ಟಿಗೂ ಕಡಿಮೆ. ಅಷ್ಟರಲ್ಲಿ ಹಗಲಿನ ವಾಯವ್ಯದ ಕಡಲಗಾಳಿ ಅಡಗಿ, ಚಳಿಗಾಲದ ರಾತ್ರಿಗಳಲ್ಲಿ ಏಳುವ ಪೂರ್ವದ ನೆಲಗಾಳಿ ಶುರುವಾಗಿತ್ತು. ದೋಣಿ ತಿರುಗಿ ಎಳೆತದ ದಿಕ್ಕು ಬದಲಾದಾಗ ಲಂಗರು ಮಣ್ಣು ಬಿಟ್ಟಿತು.

ನನಗೆ ಎಚ್ಚರವಾದದ್ದು ಸರಪಳಿಯ ಗರಗರ ಸದ್ದಿಗೆ. ಮಲಗುವ ಮೊದಲು ದಡದ ಎರಡು ದೀಪಗಳನ್ನು, ಒಂದರ ಹಿಂದೆ ಒಂದು ನೇರಕ್ಕೆ ಬರುವಂತೆ, ಗುರುತಿಟ್ಟುಕೊಂಡಿದ್ದೆ. ಈಗ ಅವುಗಳ ನಡುವೆ ಒಂದು ಗೇಣು ಅಂತರ ಕಾಣುತ್ತಿತ್ತು. ಗಾಳಿಗೆ ದೋಣಿ ಲಂಗರಿನ ಸುತ್ತ ತೊನೆದಾಗಲೂ ದೀಪಗಳು ಅಗಲುವುದುಂಟು, ಆದರೆ ಮತ್ತೆ ಕೂಡುತ್ತವೆ. ಅಂತರ ಒಂದೇ ಸಮನೆ ಬೆಳೆಯುತ್ತ ಹೋದರೆ ಲಂಗರು ಜಾರುತ್ತಿದೆ ಎಂದೇ ಅರ್ಥ. ಅಂದು ಇನ್ನೂ 20 ಮೀಟರ್ ಬಿಟ್ಟ ಮೇಲೆ ದೋಣಿ ನಿಂತಿತು. ನೆಲಗಾಳಿ ನಮ್ಮನ್ನು ದಡದಿಂದ ಆಚೆಗೆ ದೂಡುತ್ತಿದ್ದುದರಿಂದ ಬಚಾವಾದೆವು, ಅಷ್ಟೆ.

ತಳದ ಗುಣವನ್ನು ನಕ್ಷೆಯಲ್ಲಿ ಸಂಕೇತಾಕ್ಷರಗಳಿಂದ ಗುರುತಿಸಿರುತ್ತಾರೆ. ನಮ್ಮ ಎರೆ ಹೊಲದಂಥ ಜಿಗುಟು ಕೆಸರು ಉತ್ತಮ, ಮರಳು ಅಡ್ಡಿಯಿಲ್ಲ. ಬಂಡೆಯನ್ನು ನಂಬಬಾರದು, ಅಲ್ಲಿ ಲಂಗರು ಕಚ್ಚದೆಯೂ ಇರಬಹುದು, ಸಂದಿಯಲ್ಲಿ ಸಿಕ್ಕಿಕೊಂಡು ಮೇಲೆ ಬಾರದೆಯೂ ಇರಬಹುದು. ಬೆಳಿಗ್ಗೆ ಲಂಗರು ಎತ್ತಿದಾಗ ಅದರ ಕುಳಕ್ಕೆ ಅಂಟಿದ್ದು ಕೆಸರೋ ಮರಳೋ ಬರಿಯ ಚಿಪ್ಪಿನ ಚೂರುಗಳೋ ಎಂಬುದನ್ನು ನಾನು, ಅದನ್ನು ತೊಳೆಯುವ ಮೊದಲೇ, ಆ ಕೊಲ್ಲಿಯ ಹೆಸರಿನ ಮುಂದೆ ಬರೆದಿಡುತ್ತೇನೆ.