ಮನೆಯೇ ಶಾಲೆ, ಸಭೆಯೇ ನೆರೆಮನೆ: ಬಳ್ಳಾರಿಯಲ್ಲಿ ಇದರ ಬೇರು ಎಲ್ಲಿದೆ?

"ಮಗನ್ನ ಶಾಲೆಗೆ ಕಳಿಸ್ತಿಲ್ಲ, ಮನೆಯಲ್ಲೇ ಓದಿಸ್ತಿದ್ದೀವಿ" ಅಂತ ಬಳ್ಳಾರಿಯಲ್ಲಿ ಹೇಳಿ ನೋಡಿ. "ಯಾಕೆ, ಫೀಸ್ ಜಾಸ್ತಿ ಆಯ್ತಾ?" ಅಂತ ಮೊದಲು ಕೇಳುತ್ತಾರೆ. ಆಮೇಲೆ, "ಮುಂದೆ ಟಿ.ಸಿ. ಎಲ್ಲಿಂದ ತರ್ತೀರಿ?" ಸಣ್ಣ ಕ್ರೈಸ್ತ ಸಭೆಗಳಲ್ಲಿ ಅಲ್ಲೊಂದು ಇಲ್ಲೊಂದು ಕುಟುಂಬ ಈ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕಾಗಿ ಕೂತಿರುತ್ತದೆ. ಇದೆಲ್ಲ ಅಮೆರಿಕದಿಂದ ಬಂದ ಹೊಸ ಗೀಳು ಅನ್ನುವವರೂ ಇದ್ದಾರೆ. ಪುಸ್ತಕಗಳು ಅಲ್ಲಿಂದ ಬಂದದ್ದು ನಿಜ. ಆದರೆ ಮನೆಯಲ್ಲಿ ಪಾಠ ಹೇಳಿಸುವುದು ಈ ಸೀಮೆಗೆ ಹೊಸದಲ್ಲ.

1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಜಿಲ್ಲೆಯ ಶಾಲೆಗಳನ್ನೆಲ್ಲ ಎಣಿಸಿ ಮದ್ರಾಸಿಗೆ ವರದಿ ಕಳಿಸಿದರು. ಒಟ್ಟು 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ಹೆಣ್ಣುಮಕ್ಕಳು ಬರೀ 60. ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ ಇದ್ದ ಜಿಲ್ಲೆಯ ಲೆಕ್ಕ ಇದು.

ಈ ಎಣಿಕೆ ಮಾಡಿಸಿದವರು ಮದ್ರಾಸ್ ಗವರ್ನರ್ ಥಾಮಸ್ ಮನ್ರೋ. ಹಿಂದೆ ಇದೇ ಸೀಮೆಯಲ್ಲಿ ಕಲೆಕ್ಟರ್ ಆಗಿದ್ದವರು. ಎಲ್ಲ ಜಿಲ್ಲೆಗಳ ವರದಿ ಕೈಗೆ ಬಂದ ಮೇಲೆ, 1826ರಲ್ಲಿ ಅವರು ಒಂದು ಮಾತು ಬರೆದರು: ಮದ್ರಾಸ್ ಪಟ್ಟಣದಲ್ಲಿ ಶಾಲೆಗೆ ಹೋಗುವವರಿಗಿಂತ ಮನೆಯಲ್ಲಿ ಕಲಿಯುವವರು ಐದು ಪಟ್ಟಿಗೂ ಹೆಚ್ಚು. ಅಪ್ಪನೋ ಚಿಕ್ಕಪ್ಪನೋ ಮನೆಗೆ ಕರೆಸಿದ ಅಯ್ಯನವರೋ ಪಾಠ ಹೇಳುತ್ತಿದ್ದರು. ಆದರೆ ಅದು ಅಕ್ಷರ ಮೊದಲೇ ಇದ್ದ ಮನೆಗಳ ಸೌಲಭ್ಯ. ಮನೆಯಲ್ಲಿ ಓದು ಬಲ್ಲವರೇ ಇಲ್ಲದ ಕೂಲಿಯವರ ಮಗುವಿಗೆ ಕಲಿಸುವವರು ಯಾರು?

ಆ ಜಾಗಕ್ಕೆ ಬಂದದ್ದು ಚರ್ಚು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಊರಲ್ಲಿ ಮಿಷನ್ ಶಾಲೆಗಳು ಶುರುವಾದವು, ಅಚ್ಚುಕೂಟ ಬಂತು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1832ರಲ್ಲಿ. 1846ರಲ್ಲಿ ಶುರುವಾದ ವಾರ್ಡ್ಲಾ ಶಾಲೆಯ ಹೆಸರು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ.

ಸಂಡೇ ಸ್ಕೂಲ್‌ನ ಹಿಂದೆಯೂ ಇದೇ ಕಥೆ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಅದನ್ನು ಆರಂಭಿಸಿದ್ದು ವಾರವೆಲ್ಲ ದುಡಿಯುವ ಮಕ್ಕಳಿಗೆ ಓದು ಕಲಿಸೋಕೆ. ಬಿಡುವು ಸಿಗುತ್ತಿದ್ದದ್ದು ಭಾನುವಾರ ಮಾತ್ರ ಅಲ್ವಾ? ಹಾಗಾಗಿ ಆ ದಿನವೇ ಶಾಲೆ. ಅಂದರೆ ಮಕ್ಕಳನ್ನು ಮನೆಯಿಂದ, ಹೊಲದಿಂದ ಎಬ್ಬಿಸಿ ಪಾಟಿಯ ಮುಂದೆ ಕೂರಿಸಿದ್ದೇ ಚರ್ಚು. ಅದರ ಮೊಮ್ಮಕ್ಕಳು ಈಗ ಮಕ್ಕಳನ್ನು ಶಾಲೆ ಬಿಡಿಸಿ ಮನೆಗೆ ತರುತ್ತಿರುವುದು ಸೋಜಿಗವೇ.

ಈ ತಿರುವು ಅಮೆರಿಕದಲ್ಲಿ ಆಯಿತು. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಮಿಶ್ ಅನ್ನುವ ಕ್ರೈಸ್ತ ಪಂಗಡದವರು ಎಂಟನೇ ತರಗತಿ ಆದಮೇಲೆ ಮಕ್ಕಳನ್ನು ಶಾಲೆಗೆ ಕಳಿಸದೇ ಇರಬಹುದು ಎಂದಿತು. 1977ರಲ್ಲಿ ಶಿಕ್ಷಣದ ಬಗ್ಗೆ ಬರೆಯುತ್ತಿದ್ದ ಜಾನ್ ಹೋಲ್ಟ್ ಮನೆಪಾಠದ ಕುಟುಂಬಗಳಿಗೆಂದೇ ಪತ್ರಿಕೆ ತಂದರು. ಅವರದು ಧರ್ಮದ ವಾದವಲ್ಲ, ಶಾಲೆ ಮಗುವಿನ ಕುತೂಹಲ ಕೊಲ್ಲುತ್ತದೆ ಅನ್ನುವ ವಾದ. 80ರ ದಶಕದಲ್ಲಿ ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡವು. ಅವರ ಕೈಯಲ್ಲಿದ್ದದ್ದು ಬೈಬಲ್ಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆವಾಗ ಮಕ್ಕಳಿಗೆ ಕಲಿಸು ಅನ್ನುವ ಭಾಗ. ಇಲ್ಲಿನ ಮನೆಗಳಲ್ಲೂ ಕೇಳಿದರೆ ಅದನ್ನೇ ತೆಗೆದು ತೋರಿಸುತ್ತಾರೆ.

ಆದರೆ ಬಳ್ಳಾರಿಯ ಸಣ್ಣ ಸಭೆ ಅಮೆರಿಕದ ಬಡಾವಣೆಯಲ್ಲ. ಮಹಡಿ ಮೇಲೊಂದು ಹಾಲ್, ಚಾಪೆ, ಒಂದು ಕೀಬೋರ್ಡ್. ಒಂದು ಹಾಡು ತೆಲುಗಿನಲ್ಲಿ, ಮುಂದಿನದು ಕನ್ನಡದಲ್ಲಿ. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು. ಆರಾಧನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತು ವಾರದ ಬೈಬಲ್ ವಚನ ಒಪ್ಪಿಸುತ್ತಾರೆ. ಅಧ್ಯಾಯ, ವಚನದ ಸಂಖ್ಯೆ ತಪ್ಪಿದರೆ ಹಿಂದಿನಿಂದ ಯಾರದೋ ಅಜ್ಜಿ ಸರಿ ಮಾಡುತ್ತಾರೆ. ಮನೆಪಾಠದ ಹುಡುಗನಿಗೆ ಸಿಗುವ ಗೆಳೆಯರು ಹೆಚ್ಚಾಗಿ ಈ ಸಾಲಿನವರೇ. ಲೆಕ್ಕದಲ್ಲಿ ಅಮ್ಮನಿಗೆ ತೊಡಕಾದರೆ ಸಭೆಯ ಯಾವುದೋ ಇಂಜಿನಿಯರಿಂಗ್ ಹುಡುಗಿ ಸಂಜೆ ಬಂದು ಹೇಳಿಕೊಡುತ್ತಾಳೆ. ಹೆರಿಗೆಯಾದ ಮನೆಗೆ ಬುತ್ತಿ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಮನೆಪಾಠ ಇಲ್ಲಿ ನಿಲ್ಲುವುದೂ ಬೀಳುವುದೂ ಪಠ್ಯಪುಸ್ತಕದಿಂದಲ್ಲ, ಈ ಒಡನಾಟದಿಂದ. ಸಭೆ ಒಡೆದರೆ, ಸಣ್ಣ ಸಭೆಗಳು ಒಡೆಯುವುದು ಅಪರೂಪವೇನಲ್ಲ, ಮಗುವಿಗೆ ಶಾಲೆಯೂ ಇಲ್ಲ, ಗೆಳೆಯರೂ ಇಲ್ಲ.

ಹಾಗಾದರೆ ನಾಲ್ಕಾರು ಮನೆಯ ಮಕ್ಕಳನ್ನು ದಿನಾ ಆ ಹಾಲ್‌ನಲ್ಲೇ ಕೂಡಿಸಿ ಕಲಿಸಿದರಾಯಿತಲ್ಲ? ಅಲ್ಲೇ ತೊಡಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ಪಾಲಕರ ವಿಷಯದಲ್ಲಿ ಅದೇ ಕಾಯ್ದೆ ಮೆತ್ತಗಿದೆ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಅವರ ಕರ್ತವ್ಯ ಅನ್ನುತ್ತದೆ, ಸೇರಿಸದಿದ್ದರೆ ಶಿಕ್ಷೆ ಏನು ಅಂತ ಹೇಳುವುದಿಲ್ಲ. ಮನೆಪಾಠದ ಕುಟುಂಬಗಳು ಈ ಸಂದಿಯಲ್ಲೇ ನಡೆಯುತ್ತಿವೆ.

ಆಮೇಲೆ ಕೊರೋನಾ ಬಂತು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೇ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ದಿನ ಎಲ್ಲರ ಮನೆಯೂ ಶಾಲೆಯೇ. ಕೆಲವು ತಾಯಂದಿರಿಗೆ "ಇದು ನಮ್ಮಿಂದ ಆಗುತ್ತೆ" ಅನ್ನಿಸಿತು, ಬಹಳಷ್ಟು ಜನರಿಗೆ ಸಾಕಪ್ಪ ಸಾಕು ಅನ್ನಿಸಿತು. ಎರಡೂ ನಿಜವೇ. ಅಪ್ಪ ಮುಂದೆ ನಿಂತು ಪ್ರಾರ್ಥನೆ ಮಾಡಬಹುದು. ಅಡುಗೆ, ಬಟ್ಟೆ, ಕೈಗೂಸು, ಅದರ ನಡುವೆ ಮಗ್ಗಿ ಕೇಳುವವಳು ಅಮ್ಮ. ಇದನ್ನು ದೇವರ ಕರೆ ಅನ್ನುವವರು ಆಕೆಗೆ ಒಂದು ಗಂಟೆ ಬಿಡುವು ಮಾಡಿಕೊಡುವ ಬಗ್ಗೆಯೂ ಸಭೆಯಲ್ಲಿ ಮಾತಾಡಬೇಕು. ಇನ್ನೊಂದು ಅಂಜಿಕೆ ನನಗಿದೆ. ಬಾಲ್ಯವಿವಾಹ ಇನ್ನೂ ನಿಲ್ಲದ ಈ ಭಾಗದಲ್ಲಿ ಹೆಣ್ಣುಮಗುವನ್ನು ಶಾಲೆ ಬಿಡಿಸಿ "ಮನೆಯಲ್ಲೇ ಓದ್ತಾಳೆ" ಅನ್ನುವುದು ಬಹಳ ಸುಲಭ. ನಿಜಕ್ಕೂ ಓದುತ್ತಿದ್ದಾಳಾ ಅಂತ ನೋಡುವವರಿಲ್ಲ.

ಕೊನೆಗೆ ಆ ಟಿ.ಸಿ. ಪ್ರಶ್ನೆ. ಅದಕ್ಕೆ ಸಿಗುವ ಉತ್ತರ ಎನ್‌ಐಒಎಸ್, ಅಂದರೆ 1989ರಲ್ಲಿ ಶುರುವಾದ ಕೇಂದ್ರದ ಮುಕ್ತ ಶಾಲೆ. 14 ವರ್ಷ ತುಂಬಿದವರು ನೇರವಾಗಿ ಹತ್ತನೇ ತರಗತಿಗೆ ನೋಂದಾಯಿಸಬಹುದು. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಆದರೆ ಸಿಇಟಿ ಸೀಟಿಗೆ ನಮ್ಮಲ್ಲಿ ಬಹುತೇಕರು ಹೋಗುವ ದಾರಿ ಬೇರೆ: ಕರ್ನಾಟಕದಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ. ಬೇರೆ ನಿಯಮಗಳಡಿ ಅರ್ಹತೆ ಪಡೆಯಬಹುದು, ಆದರೆ ಅದಕ್ಕೆ ಕಾಗದಪತ್ರ ಬೇರೆಯೇ. ಮಗು ಮೂರನೇ ತರಗತಿಯ ವಯಸ್ಸಿನಲ್ಲಿದ್ದಾಗಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು, ಪಿಯುಸಿ ಮುಗಿದ ಮೇಲಲ್ಲ.