ಭಾಗಿಸದೆಯೇ ಬಂದ ತೀರ್ಪು: 39 ಅಂಕಿಗಳ ಒಂದು ಅವಿಭಾಜ್ಯ

170141183460469231731687303715884105727. ಎರಡರ 127ನೇ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆ ಇದು. 1876ರಿಂದ 1951ರವರೆಗೆ, ಎಪ್ಪತ್ತೈದು ವರ್ಷ, ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಇದು ಅವಿಭಾಜ್ಯವೆಂದು ಸಾಧಿಸಿದಾಗ ಕಂಪ್ಯೂಟರ್ ಇನ್ನೂ ಹುಟ್ಟಿರಲಿಲ್ಲ.

ಇದರ ಹೆಸರು ಮೊದಲು ಬಂದದ್ದು 1644ರಲ್ಲಿ, ಫ್ರೆಂಚ್ ಪಾದ್ರಿ ಮರಿನ್ ಮರ್ಸೆನ್ ಕೊಟ್ಟ ಪಟ್ಟಿಯಲ್ಲಿ. 257ರವರೆಗಿನ ಯಾವ ಘಾತಾಂಕಗಳು ಇಂತಹ ಅವಿಭಾಜ್ಯಗಳನ್ನು ಕೊಡುತ್ತವೆ ಎಂದು ಆತ ಬರೆದಿದ್ದ, ಪುರಾವೆ ಮಾತ್ರ ಕೊಟ್ಟಿರಲಿಲ್ಲ. ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಆದರೆ 127 ಸರಿಯಾಗಿತ್ತು. ಅದೃಷ್ಟವೆಂದೇ ನನ್ನ ಅನಿಸಿಕೆ.

ಪರೀಕ್ಷಿಸುವುದಾದರೂ ಹೇಗೆ? ವರ್ಗಮೂಲದವರೆಗಿನ ಬೆಸಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ, ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ ಇನ್ನೂರು ವರ್ಷ ಬೇಕು. ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ ಆ ದಾರಿಯನ್ನೇ ಬಿಟ್ಟ. ಅಪವರ್ತನ ಹುಡುಕದೆಯೇ ತೀರ್ಪು ಕೊಡುವ ಪರೀಕ್ಷೆಯೊಂದನ್ನು ಕಟ್ಟಿದ, 1876ರಲ್ಲಿ ಅದರಿಂದಲೇ ಈ ಸಂಖ್ಯೆ ಅವಿಭಾಜ್ಯವೆಂದು ಸಾಧಿಸಿದ. 1930ರಲ್ಲಿ ಅಮೆರಿಕದ ಗಣಿತಜ್ಞ ಲೆಹ್ಮರ್ ಅದನ್ನು ಸರಳಗೊಳಿಸಿದ ರೂಪ ಹೀಗಿದೆ: 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅದು ಅವಿಭಾಜ್ಯ, ಬಾರದಿದ್ದರೆ ಅಲ್ಲ.

ಎರಡರ 5ನೇ ಘಾತದಿಂದ ಒಂದು ಕಳೆದರೆ 31. ಇಲ್ಲಿ ಮೂರು ಹೆಜ್ಜೆ ಸಾಕು. 4ರ ವರ್ಗದಿಂದ 2 ಕಳೆದರೆ 14. ಅದರ ವರ್ಗದಿಂದ ಕಳೆದರೆ 194, ಶೇಷ 8. ಅದರ ವರ್ಗದಿಂದ ಕಳೆದರೆ 62, ಶೇಷ 0. ಮುಗಿಯಿತು.

ಶೇಷ ತೆಗೆಯುವುದಕ್ಕೂ ನಿಜವಾದ ಭಾಗಾಕಾರ ಬೇಕಿಲ್ಲ. ದ್ವಿಮಾನ ಪದ್ಧತಿಯಲ್ಲಿ 31 ಎಂದರೆ ಐದು ಒಂದುಗಳ ಸಾಲು. 194 ಅಲ್ಲಿ 11000010. ಬಲದಿಂದ ಐದು ಅಂಕಿ ಕತ್ತರಿಸಿದರೆ 110 ಮತ್ತು 00010, ಅಂದರೆ 6 ಮತ್ತು 2. ಕೂಡಿದರೆ ಅದೇ 8! ನಮ್ಮ ದೊಡ್ಡ ಸಂಖ್ಯೆ 127 ಒಂದುಗಳ ಸಾಲು. ಅಲ್ಲೂ ಇದೇ ಕತ್ತರಿಸಿ ಕೂಡುವ ಆಟ, ಹೆಜ್ಜೆಗಳು 125.

ಲ್ಯೂಕಾನ ವಿಧಾನ ಎರಡರ 67ನೇ ಘಾತದಿಂದ ಒಂದು ಕಳೆದ ಸಂಖ್ಯೆಯನ್ನು ಅವಿಭಾಜ್ಯವಲ್ಲವೆಂದು ತಳ್ಳಿಹಾಕಿತು, ಆದರೆ ಅದರ ಅಪವರ್ತನಗಳನ್ನು ಹೇಳಲಿಲ್ಲ. 193707721 ಮತ್ತು 761838257287 ಎಂಬ ಆ ಎರಡನ್ನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 1903ರಲ್ಲಿ ಮುಂದಿಟ್ಟ.

ನಂತರ ಕಂಪ್ಯೂಟರ್‌ಗಳು ಬಂದವು, ದಾಖಲೆಗಳು ಬೇಗಬೇಗನೆ ಮುರಿದವು. 2024ರಲ್ಲಿ ಸಿಕ್ಕ ಅವಿಭಾಜ್ಯಕ್ಕೆ 4,10,24,320 ಅಂಕಿಗಳು; ಅದನ್ನೂ ಖಚಿತಪಡಿಸಿದ್ದು ಲ್ಯೂಕಾ–ಲೆಹ್ಮರ್ ಪರೀಕ್ಷೆಯೇ.

ಹಳೆಯ ಸಂಖ್ಯೆಯಲ್ಲಿ ಒಂದು ಗಂಟು ಇನ್ನೂ ಬಿಚ್ಚಿಲ್ಲ. ಎರಡರ 2ನೇ ಘಾತದಿಂದ ಒಂದು ಕಳೆದರೆ 3. 3ನೇ ಘಾತದಿಂದ 7. 7ನೇ ಘಾತದಿಂದ 127. 127ನೇ ಘಾತದಿಂದ ನಮ್ಮ ಸಂಖ್ಯೆ. ಎಲ್ಲವೂ ಅವಿಭಾಜ್ಯಗಳು. ಈ ಸಂಖ್ಯೆಯನ್ನೇ ಘಾತಾಂಕವಾಗಿಸಿದರೆ? ಆಗ ಬರುವ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂದು ಬರೆಯಲೇ 38 ಅಂಕಿಗಳು ಬೇಕು. ಸಣ್ಣ ಅಪವರ್ತನಗಳಿಗಾಗಿ ತಡಕಿದವರಿಗೆ ಈವರೆಗೆ ಒಂದೂ ಸಿಕ್ಕಿಲ್ಲ.