ದರ ಕೇಳುವ ಮೊದಲು ಚೀಲ ನೋಡಿ: ಎಸಿ ಸರ್ವೀಸ್‌ನವರನ್ನು ಆರಿಸುವ ಬಗ್ಗೆ ಒಂದು ಟಿಪ್ಪಣಿ

ಎಚ್‌ವಿಎಸಿ ಅಂದರೆ ಬಿಸಿ ಮಾಡುವುದು, ಗಾಳಿ ಆಡಿಸುವುದು, ತಂಪು ಮಾಡುವುದು, ಮೂರೂ ಸೇರಿದ ವ್ಯವಸ್ಥೆ. ಶಿವಮೊಗ್ಗದಲ್ಲಿ ಮೊದಲನೆಯದರ ಗೊಡವೆ ಇಲ್ಲ. ಹಾಗಾಗಿ ಎಲ್ಲರೂ ಸುಮ್ನೆ ‘ಎಸಿ’ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ. ಕಟ್ಟಡ ನೋಡಿಕೊಳ್ಳುವ ಕೆಲಸ ಕಲಿಯುತ್ತಿರುವ ನಿಮಗೆ ಬೇಗನೆ ಎದುರಾಗುವ ಪ್ರಶ್ನೆ ಒಂದಿದೆ. ಎಸಿ ಸರ್ವೀಸ್ ಯಾರಿಗೆ ಕೊಡುವುದು? ಮೂರು ಕೊಟೇಶನ್ ತರಿಸಿ, ಕಡಿಮೆ ದರದವರಿಗೆ ಕೊಡುವುದು ರೂಢಿ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು. ಈಗ ದರಕ್ಕಿಂತ ಮೊದಲು ಅವರ ಉಪಕರಣದ ಚೀಲದಿಂದ ಏನೇನು ಹೊರಗೆ ಬರುತ್ತದೆ ನೋಡುತ್ತೇನೆ.

ಗ್ಯಾಸ್ ಖರ್ಚಾಗುವುದಿಲ್ಲ

ನಾನು ನೋಡಿಕೊಳ್ಳುವ ಕಟ್ಟಡ ಮೂರು ಅಂತಸ್ತಿನದು. ಕೆಳಗೆ ಬಟ್ಟೆ ಅಂಗಡಿ, ಅಲ್ಲಿ ಡಕ್ಟಬಲ್ ಎಸಿ, ಅಂದರೆ ಸೀಲಿಂಗಿನ ಗಾಳಿಕೊಳವೆಗಳ ಮೂಲಕ ತಂಪು ಹರಿಸುವಂಥದ್ದು. ಒಂದು ವರ್ಷ ಏಪ್ರಿಲ್‌ನಲ್ಲಿ ತಂಪು ಕಮ್ಮಿಯಾಯಿತು. ಸರ್ವೀಸ್ ಹುಡುಗ ಬಂದ, ಒತ್ತಡ ಅಳೆಯುವ ಗೇಜ್ ಹಾಕಿದ. “ಗ್ಯಾಸ್ ಕಮ್ಮಿ ಆಗಿದೆ ಸಾರ್, ಟಾಪ್‌ಅಪ್ ಮಾಡಿದ್ರೆ ಆಯ್ತು” ಅಂದ. ಮಾಡಿದ, ಬಿಲ್ ಕೊಟ್ಟ, ಹೋದ. ಜೂನ್‌ನಲ್ಲಿ ಮತ್ತೆ ಅದೇ ಕತೆ. ದಸರಾ ವ್ಯಾಪಾರದ ಹೊತ್ತಿಗೆ ಮೂರನೇ ಸಲ. ಅಂಗಡಿ ಯಜಮಾನರು ತಾಳ್ಮೆ ಕಳೆದುಕೊಂಡರು. “ಎಂತ ಮಾರಾಯ, ಇದೇನು ಸ್ಕೂಟರಾ, ಆಗಾಗ ಪೆಟ್ರೋಲ್ ಹಾಕ್ಸಕ್ಕೆ?”

ಅವರು ಸಿಟ್ಟಿನಲ್ಲಿ ಕೇಳಿದ್ದರಲ್ಲೇ ಪಾಠ ಇತ್ತು. ಪೆಟ್ರೋಲ್ ಉರಿದು ಹೋಗುತ್ತದೆ. ಎಸಿಯ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒಳಗಿನ ಸುರುಳಿ ಪೈಪು, ಅಂದರೆ ಕಾಯಿಲ್‌ನಲ್ಲಿ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ದ್ರವವಾಗಿ ಮತ್ತೆ ಒಳಗೆ ಬರುತ್ತದೆ. ಹತ್ತು ವರ್ಷ ಓಡಿದರೂ ಅದು ಸವೆಯುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವುದು ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ನಾನು ಮೂರು ಕೊಡ ಹೊರಿಸಿದ್ದೆ!

ಕೊನೆಗೆ ಬೇರೆಯವರನ್ನು ಕರೆಸಿದೆ. ಬಂದ ಟೆಕ್ನೀಷಿಯನ್ ಮೊದಲು ಟಾರ್ಚ್ ಹಿಡಿದು ಪೈಪಿನ ಜಾಯಿಂಟುಗಳನ್ನು ಒಂದೊಂದಾಗಿ ನೋಡಿದ. ಒಂದು ಫ್ಲೇರ್ (ಜೋಡಣೆಗೆ ಅಗಲ ಮಾಡಿದ ಪೈಪಿನ ಬಾಯಿ) ಬಿಗಿಯುವ ನಟ್ಟಿನ ಕೆಳಗೆ ಧೂಳು ಎಣ್ಣೆ ಕುಡಿದು ಕಪ್ಪಗೆ ಅಂಟಿಕೊಂಡಿತ್ತು. “ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆನೂ ಬರುತ್ತೆ ಸಾರ್, ಇದೇ ಗುರುತು” ಅಂದ. ಸೋಪಿನ ನೊರೆ ಹಚ್ಚಿದ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

ಆಮೇಲೆ ಆತ ಮಾಡಿದ ಕೆಲಸದ ಕ್ರಮವನ್ನು ಬರೆದುಕೊಳ್ಳಿ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಖಾಲಿ ಸಿಲಿಂಡರ್‌ಗೆ ಎಳೆದುಕೊಂಡ. ಫ್ಲೇರ್ ಕತ್ತರಿಸಿ ಹೊಸದಾಗಿ ಮಾಡಿದ. ಒಣ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೋ ಅಂತ ಕಾದು ನೋಡಿದ. ಇಲ್ಲಿ ಆಕ್ಸಿಜನ್ ಸಿಲಿಂಡರ್ ಯಾರಾದರೂ ತಂದರೆ ಕೂಡಲೇ ಕೆಲಸ ನಿಲ್ಲಿಸಿ, ಎಣ್ಣೆ ಜೊತೆ ಸೇರಿದರೆ ಅದು ಸಿಡಿಯುತ್ತದೆ. ನಂತರ ವ್ಯಾಕ್ಯೂಮ್ ಪಂಪ್ ಹಚ್ಚಿದ. ಇಲ್ಲಿ ಒತ್ತಡ ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ, ಹೊರಗಿನ ಗಾಳಿಯ ಒತ್ತಡ 7,60,000 ಮೈಕ್ರಾನ್. ಪೈಪಿನೊಳಗೆ ಅದನ್ನು 500 ಮೈಕ್ರಾನ್‌ಗೆ ಇಳಿಸಬೇಕು. ಅಷ್ಟು ಇಳಿದಾಗ ಒಳಗಿನ ತೇವ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ತೇವ ಉಳಿದರೆ ಎಣ್ಣೆ ಜೊತೆ ಸೇರಿ ಆಮ್ಲವಾಗಿ, ಕಂಪ್ರೆಸರ್ ಮೋಟಾರಿನ ತಂತಿ ಸುತ್ತನ್ನು (ವೈಂಡಿಂಗ್) ತಿನ್ನುತ್ತದೆ. ನಮ್ಮ ಮಳೆಗಾಲದಲ್ಲಿ ಪೈಪು ತೆರೆದಿಟ್ಟರೆ ಒಳಗೆ ತೇವ ಸೇರಲು ಎಷ್ಟು ಹೊತ್ತು ಬೇಕು ಹೇಳಿ. ಪಂಪ್ ಇಲ್ಲದವರು ಸ್ವಲ್ಪ ಗ್ಯಾಸ್ ಊದಿ ಗಾಳಿ ಓಡಿಸಿದೆವು ಅನ್ನುತ್ತಾರೆ. ಒಪ್ಪಬೇಡಿ.

ಕೊನೆಯದು ತೂಕ. ಹೊರಗಿನ ಯೂನಿಟ್ಟಿನ ಪ್ಲೇಟಿನ ಮೇಲೆ ಯಾವ ಗ್ಯಾಸ್, ಎಷ್ಟು ಕೆಜಿ ಅಂತ ಇರುತ್ತದೆ. ಪೈಪು ಉದ್ದವಾದರೆ ಮೀಟರಿಗೆ ಇಷ್ಟು ಗ್ರಾಂ ಜಾಸ್ತಿ. ಹಾಗಾಗಿ ಚೀಲದಲ್ಲಿ ತೂಕದ ಯಂತ್ರ ಇರಲೇಬೇಕು. ಬಿಲ್ಲಿನಲ್ಲೂ ಗ್ಯಾಸಿನ ಹೆಸರು ಮತ್ತು ಗ್ರಾಂ ಕೇಳಿ. ಹಳೆಯ ಯಂತ್ರಗಳಲ್ಲಿ ಆರ್-22 ಇದೆ. ಅದು ಓಝೋನ್ ಪದರ ಕೆಡಿಸುವ ಗ್ಯಾಸ್, ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ನಮ್ಮಲ್ಲಿ ಹೆಚ್ಚುಕಡಿಮೆ ನಿಲ್ಲಬೇಕು. ಆರ್-410ಎ ಎರಡು ಗ್ಯಾಸುಗಳ ಮಿಶ್ರಣ, ಅದನ್ನು ದ್ರವವಾಗಿಯೇ ತುಂಬಬೇಕು. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು. ‘ಎಲ್ಲಾ ಗ್ಯಾಸೂ ಒಂದೇ ಸಾರ್’ ಅನ್ನುವವರಿಗೆ ಒಂದು ಕಾಫಿ ಕೊಟ್ಟು ಕಳಿಸಿ.

ಟನ್ ಲೆಕ್ಕ, ತೇವದ ಲೆಕ್ಕ

ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ. ಈಗ ಒಂದು ಕಲ್ಯಾಣ ಮಂಟಪ ತಗೊಳ್ಳಿ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ. 300 ಜನ ಕೂತರೆ 30 ಕಿಲೋವ್ಯಾಟ್. ಬರೀ ಜನರಿಗೇ ಎಂಟೂವರೆ ಟನ್ ಆಯಿತು. ಬಿಸಿಲು, ದೀಪ, ಶೀಟಿನ ಮಾಡು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಫೋನಿನಲ್ಲೇ ‘ಇಷ್ಟು ಚದರಡಿಗೆ ಇಷ್ಟು ಟನ್’ ಅನ್ನುವವರು ಇದನ್ನೆಲ್ಲ ಎಲ್ಲಿ ನೋಡಿದರು?

‘ಜಾಸ್ತಿ ಟನ್ ಹಾಕಿಸಿದರೆ ಒಳ್ಳೆಯದೇ ಅಲ್ವಾ?’ ಅಂತ ನಾನೂ ಅಂದುಕೊಂಡಿದ್ದೆ. ಮಲೆನಾಡಿನಲ್ಲಿ ಇದು ದೊಡ್ಡ ತಪ್ಪು. ಜನರ ಶಾಖದಲ್ಲಿ ಒಂದು ಪಾಲು ಬೆವರು ಮತ್ತು ಉಸಿರಿನ ತೇವ. ಆಷಾಢದಲ್ಲಂತೂ ಹೊರಗಿನ ಗಾಳಿಯೇ ಒದ್ದೆ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಕಾಲ. ಎಸಿ ಈ ತೇವವನ್ನು ತಣ್ಣನೆಯ ಕಾಯಿಲ್ ಮೇಲೆ ನೀರಾಗಿಸಿ ತೆಗೆಯುತ್ತದೆ, ಅದಕ್ಕೆ ಹೊತ್ತು ಬೇಕು. ಯಂತ್ರ ದೊಡ್ಡದಾದರೆ ಕೋಣೆ ಐದು ನಿಮಿಷಕ್ಕೇ ತಂಪಾಗುತ್ತದೆ, ಕಂಪ್ರೆಸರ್ ನಿಲ್ಲುತ್ತದೆ, ಕಾಯಿಲ್ ಮೇಲಿನ ನೀರು ಮತ್ತೆ ಗಾಳಿಗೇ ಸೇರುತ್ತದೆ. ಕೋಣೆ ತಂಪಾಗಿರುತ್ತದೆ, ಆದರೆ ಗೋಡೆ ಬೆವರುತ್ತದೆ. ಸೀಲಿಂಗಿನಲ್ಲಿ ಹಸಿರು-ಕಪ್ಪು ಚುಕ್ಕೆ. ಹಾಗಾಗಿ ಟೇಪು ಹಿಡಿದು ಬಂದು, ಪಶ್ಚಿಮಕ್ಕೆ ಕಿಟಕಿ ಎಷ್ಟು, ಜನ ಎಷ್ಟು, ಮಳೆಗಾಲದಲ್ಲಿ ಬಾಗಿಲು ತೆರೆದೇ ಇರುತ್ತದೋ ಅಂತ ಕೇಳುವವರನ್ನು ಬಿಡಬೇಡಿ. ಡ್ರೈನ್ ಪೈಪಿನ ಇಳಿಜಾರು ನೋಡಿದರೆ ಇನ್ನೂ ಒಳ್ಳೆಯದು. ಪೈಪಿನಲ್ಲಿ ಲೋಳೆ ಕಟ್ಟಿ ನಮ್ಮ ಕಟ್ಟಡದ ಮೇಲಿನ ಅಂತಸ್ತಿನ ಲ್ಯಾಬಿನ ಸೀಲಿಂಗ್ ಒಂದು ಸಲ ನಮ್ಮ ಮೇಲೇ ಬಿದ್ದಿದೆ.

ಎಎಂಸಿ ಕಾಗದ

ಎಎಂಸಿ ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದ. ಅದರಲ್ಲಿ ಎರಡು ಬಗೆ. ನಾನ್ ಕಾಂಪ್ರಹೆನ್ಸಿವ್ ಅಂದರೆ ಕೂಲಿ ಮಾತ್ರ, ಬಿಡಿಭಾಗ ನಿಮ್ಮ ತಲೆ ಮೇಲೆ. ಕಾಂಪ್ರಹೆನ್ಸಿವ್ ಅಂದರೆ ಬಿಡಿಭಾಗವೂ ಸೇರಿ. ಆದರೆ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಗ್ಯಾಸ್, ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್), ಕಾಯಿಲ್ ಹೊರತು ಅಂತ ಇದ್ದರೆ ಉಳಿದಿದ್ದೇನು? ನಮ್ಮಲ್ಲಿ ಪಿಸಿಬಿ ವಿಚಾರ ಹಗುರವಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಬೋರ್ಡ್ ಸುಡುತ್ತದೆ, ಉಳಿದ ದಿನ ಹಲ್ಲಿ ಒಳಗೆ ಹೊಕ್ಕು ಶಾರ್ಟ್ ಮಾಡುತ್ತದೆ. ಅರ್ಥಿಂಗ್ ಪರೀಕ್ಷೆ ಸರ್ವೀಸಿನಲ್ಲಿ ಸೇರಿದೆಯಾ ಕೇಳಿ. ಬಿಡಿಭಾಗ ಎಲ್ಲಿಟ್ಟಿದ್ದಾರೆ ಅಂತಲೂ ಕೇಳಿ. ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್. ‘24 ಗಂಟೆಯಲ್ಲಿ ಬರುತ್ತೇವೆ’ ಅನ್ನುವುದು ಮನುಷ್ಯನಿಗೋ, ಬೋರ್ಡಿಗೋ? ಎರಡನ್ನೂ ಬೇರೆಬೇರೆ ಬರೆಸಿಕೊಳ್ಳಿ.

ಉಳಿದವು ಬೇಗ ಮುಗಿಯುತ್ತವೆ. ಐಟಿಐಯಲ್ಲಿ ಎಸಿ ಕೆಲಸದ ಟ್ರೇಡ್ ಓದಿದ ಒಬ್ಬರಾದರೂ ತಂಡದಲ್ಲಿರಲಿ. ವಿಆರ್‌ಎಫ್ (ಒಂದೇ ಹೊರಗಿನ ಯೂನಿಟ್ಟಿಗೆ ಹಲವು ಒಳಗಿನ ಯೂನಿಟ್ ಜೋಡಿಸುವ ಎಸಿ) ಇದ್ದರೆ ಆ ಕಂಪನಿಯ ತರಬೇತಿ ಪಡೆದವರೇ ಬೇಕು. ಜಿಎಸ್‌ಟಿ ಬಿಲ್ ಬೇಕು. ಪಾಚಿ ಹಿಡಿದ ಸಜ್ಜೆ ಮೇಲೆ ಹತ್ತುವ ಹುಡುಗರಿಗೆ ವಿಮೆ, ಸೇಫ್ಟಿ ಬೆಲ್ಟ್ ಇದೆಯಾ ನೋಡಿ. ಹಳೆ ಗಿರಾಕಿಯ ನಂಬರ್ ಕೇಳುವಾಗ ಮೂರು ವರ್ಷದಿಂದ ಇರುವವರದ್ದೇ ಕೇಳಿ, ಹೋದ ತಿಂಗಳು ಸೇರಿದವರು ಹೇಗೂ ಹೊಗಳುತ್ತಾರೆ.

ರಿಪೋರ್ಟಿನಲ್ಲಿ ಅಂಕಿ ಇದೆಯಾ?

‘ಫಿಲ್ಟರ್ ತೊಳೆದಿದೆ, ಯಂತ್ರ ಸರಿ ಇದೆ’ ಅಂತ ಬರೆದ ಕಾಗದ ನನ್ನ ಹತ್ತಿರ ಒಂದು ಫೈಲ್ ತುಂಬಾ ಇದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಈಗ ನಮ್ಮಲ್ಲಿ ಸರ್ವೀಸ್ ಮಾಡುವವರು ಪ್ರತಿ ಸಲ ಮೂರು ಅಂಕಿ ಬರೆಯುತ್ತಾರೆ: ವೋಲ್ಟೇಜ್, ಕಂಪ್ರೆಸರ್ ಎಳೆಯುವ ಆಂಪಿಯರ್, ಯಂತ್ರದೊಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಇರುವ ಉಷ್ಣತೆಯ ಅಂತರ. ಈ ಅಂತರ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಇರಬೇಕು. ಹಾಳೆಯನ್ನು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿದ್ದೇವೆ.

ಡಿಸೆಂಬರ್‌ನಲ್ಲಿ ಅಂತರ 10 ಇತ್ತು. ಮಾರ್ಚ್‌ನಲ್ಲಿ 7ಕ್ಕೆ ಇಳಿದು, ಆಂಪಿಯರ್ ಏರಿತ್ತು. ಅಂಗಡಿಯವರಿಗೆ ಇನ್ನೂ ಸೆಕೆ ತಟ್ಟಿರಲಿಲ್ಲ. ಟೆಕ್ನೀಷಿಯನ್ ಹಾಳೆ ನೋಡಿ ಸೀದಾ ತಾರಸಿಗೆ ಹೋದ. ಎದುರು ರಸ್ತೆ ಅಗೆದ ಕೆಂಪು ಧೂಳು ಹೊರಗಿನ ಕಾಯಿಲ್ ಮೇಲೆ ಕಂಬಳಿ ಹೊದೆಸಿದ ಹಾಗೆ ಕೂತಿತ್ತು. ನೀರಿನ ಪಂಪ್ ಹಚ್ಚಿ ತೊಳೆದ, ಅರ್ಧ ಗಂಟೆ ಓಡಿಸಿ ಮತ್ತೆ ಅಳೆದ. ಅಂತರ 10, ಆಂಪಿಯರ್ ಹಳೆಯದೇ. ಗ್ಯಾಸ್ ಸಿಲಿಂಡರ್ ಕೆಳಗೆ ವ್ಯಾನಿನಲ್ಲೇ ಇತ್ತು.